ತೊಟ್ಟಿಯೊಳಗೆ ಇಣುಕುವವರು

ಕಳೆದ ವಾರ ನಮ್ಮ ಬೀದಿಗೆ ಬಂದಿದ್ದ ಆಶಾ ಕಾರ್ಯಕರ್ತೆ ನನ್ನ ಹಳೆಯ ಶಿಷ್ಯೆ. ತಾರಸಿಯನ್ನು ನೋಡಿಕೊಂಡು ಬಂದವಳು ಸಂಕೋಚದಿಂದ, “ಮೇಷ್ಟ್ರೇ, ಹೂಕುಂಡದ ತಟ್ಟೇಲಿ ಹುಳ ಆಡ್ತಿವೆ” ಎಂದಳು. ಸೊಳ್ಳೆಯ ಜೀವನಚಕ್ರವನ್ನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದವನು ನಾನು! ತಲೆ ತಗ್ಗಿಸಿ ತಟ್ಟೆ ತೊಳೆದೆ.

ಡೆಂಗ್ಯೂ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ. ನಾವು ಜೋಪಾನವಾಗಿ ತುಂಬಿಟ್ಟ ತಿಳಿನೀರೇ ಸಾಕು. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ. ನೀರು ಚೆಲ್ಲಿದರೂ ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತವೆ. ಆದ್ದರಿಂದ ತಿಕ್ಕಿ ತೊಳೆಯಲೇಬೇಕು. ಬೀದಿಯಲ್ಲಿ ಹೊಗೆ ಬಿಡುವ ಗಾಡಿ ಬಂದರೆ ನಮಗೆ ಸಮಾಧಾನವೇನೋ ಆಗುತ್ತದೆ. ಆದರೆ ಅದು ಹಾರುವ ಸೊಳ್ಳೆಯನ್ನು ಕೊಂದೀತೇ ಹೊರತು ತೊಟ್ಟಿಯೊಳಗಿನ ಹುಳವನ್ನಲ್ಲ.

2006ರ ಚಿಕುನ್‌ಗುನ್ಯಾ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಗೋಡೆ ಹಿಡಿದು ನಡೆಯುತ್ತಿದ್ದ ಹಿರಿಯರು, ಬೆರಳು ಮಡಿಸಲಾಗದೆ ಕಲಸಿದ ಅನ್ನದ ಮುಂದೆ ಕುಳಿತಿದ್ದ ತಾಯಂದಿರು. ಆಗ ಶನಿವಾರಗಳಂದು ಏಳನೆಯ ತರಗತಿಯ ಮಕ್ಕಳನ್ನು ಮನೆಮನೆಗೆ ಕರೆದೊಯ್ಯುತ್ತಿದ್ದೆ. “ನಮ್ಮನೆ ಹಂಡೇಲಿ ಇಣುಕೋಕೆ ನೀವ್ಯಾರು?” ಎಂದು ಗದರಿದವರೂ ಇದ್ದರು. ಮಕ್ಕಳು ವಾದಿಸಲಿಲ್ಲ, ಗಾಜಿನ ಲೋಟದಲ್ಲಿ ಅವರದೇ ನೀರನ್ನು ತುಂಬಿ ಬಿಸಿಲಿಗೆ ಹಿಡಿದು ತೋರಿಸಿದರು. ಲೋಟದೊಳಗೆ ಕುಣಿಯುವ ಹುಳ ನೋಡಿದ ಮೇಲೆ ಗದರಿಕೆ ಅಲ್ಲಿಗೇ ನಿಂತಿತು.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟರೆ ಪಟ್ಟಣದ ಮನೆಗೆ 400, ಹಳ್ಳಿಯ ಮನೆಗೆ 200 ರೂಪಾಯಿ ದಂಡವೆಂದಿತು. ನೀರು ನಿಲ್ಲಿಸಿಕೊಂಡು ಕಟ್ಟಡ ಕಟ್ಟುವವರಿಗೆ ದಂಡ ಹಾಕಲಿ, ಒಪ್ಪುತ್ತೇನೆ. ಆದರೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಕೇರಿಯಲ್ಲಿ ಡ್ರಮ್ಮು ತುಂಬಿಡದೆ ಬದುಕುವುದೆಂತು? ಅಲ್ಲಿ ಮೊದಲು ಬೇಕಾದದ್ದು ದಿನವೂ ನೀರು. ಅಲ್ಲಿಯವರೆಗೆ ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟುವ ಬಟ್ಟೆ. ದಂಡಕ್ಕೆ ಹೆದರಿದವರು ಬಾಗಿಲು ಹಾಕಿಕೊಳ್ಳುತ್ತಾರೆ. ಬಾಗಿಲು ಹಾಕಿದ ಮನೆಯ ಸೊಳ್ಳೆಗೆ ಪಕ್ಕದ ಮನೆಯ ಗೋಡೆ ಅಡ್ಡವೇ?

ಈಗ ನಾವು ಬೀದಿಯ ಐದಾರು ಮಂದಿ ನಿವೃತ್ತರು ಪ್ರತಿ ಶನಿವಾರ ಪರಸ್ಪರರ ಹಿತ್ತಿಲು ನೋಡುತ್ತೇವೆ. ಮೊದಲ ಪರೀಕ್ಷೆ ನನ್ನ ಮನೆಯದೇ ಆಯಿತೆನ್ನಿ! ತೊಡಕಾಗಿರುವುದು ಬೀಗ ಹಾಕಿದ ಎರಡು ಮನೆಗಳು. ಮಕ್ಕಳು ದೂರದ ಊರುಗಳಲ್ಲಿದ್ದಾರೆ, ತಾರಸಿಯ ತೊಟ್ಟಿಗಳು ಬಾಯಿ ತೆರೆದುಕೊಂಡಿವೆ. ಊರಿನ ಮನೆಗೆ ಬೀಗ ಹಾಕಿ ಹೋದವರು ನಿಮ್ಮಲ್ಲೂ ಇದ್ದೀರಿ. ದಯವಿಟ್ಟು ಒಂದು ಕೀಲಿಯನ್ನು ಪಕ್ಕದ ಮನೆಯವರಲ್ಲಿ ಬಿಡಿ.