ದಸರಾದಾಗ ಹುಡುಗಿನ್ನ ಮನ್ಯಾಗ ಕೂಡಸಬ್ಯಾಡ್ರಿ

ಹೋದ ವಾರ ಅಕ್ಕ ಫೋನ್ ಮಾಡಿದ್ಲು. "ಈ ಸಲಾನೂ ದಸರಾಕ್ಕ ಬರ್ತೀವಿ, ಆದ್ರ ಅಕೀನ್ನ ಕರ್ಕೊಂಡು ಬರಂಗಿಲ್ಲ. ಹೋದ ವರ್ಷದ್ದೇ ಸಾಕಾತು" ಅಂದ್ಲು. ಅಕಿ ಅಂದ್ರ ಅಕ್ಕನ ಮಗಳು, 19 ವರ್ಷದಾಕಿ. ಅಕಿ ತಮ್ಮ 17ರಾಂವ, ಅವಾ ಮಾತ್ರ ಬರ್ತಾನಂತ. "ಅವಾ ಹ್ಯಾಂಗ ಬರ್ತಾನ?" ಅಂತ ಕೇಳಿದ್ರ "ಅವಾ ಗಂಡಹುಡುಗ ಅಲ್ಲೇನು" ಅಂದ್ಲು. ಫೋನ್ ಇಟ್ಟ ಮ್ಯಾಲೂ ನನ್ನ ತಲಿ ಬಿಸಿ ಇಳೀಲಿಲ್ಲ. ಅಕ್ಕಾ, ನೀ ಇದನ್ನ ಓದ್ತಿ ಅಂತ ಗೊತ್ತದ. ಸಿಟ್ಟು ಬಂದ್ರ ಬರಲಿ, ಆದ್ರ ಪೂರಾ ಓದು.

ಹೋದ ವರ್ಷ ಏನಾತು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಧಾರವಾಡ ಬಿಟ್ಟು ನಾವು ಮೈಸೂರಿಗೆ ಬಂದು 22 ವರ್ಷ ಆತು. ವರ್ಷಾ ದಸರಾಕ್ಕ ಯಾರರೆ ಬಂದೇ ಬರ್ತಾರ. ಹೋದ ಸಲ ಎಲ್ಲಾ ಕೂಡಿ 11 ಮಂದಿ. ವಿಜಯದಶಮಿ ದಿನ ಮುಂಜಾನಿಂದ ಹೋಳಿಗಿ, ಕಟ್ಟಿನ ಸಾರು, ಕೋಸಂಬ್ರಿ. ಗಂಡಸರು ಟೀವಿಯೊಳಗ ಜಂಬೂ ಸವಾರಿ ನೋಡಿದ್ರು, ನಾವು ಭಾಂಡಿ ತಿಕ್ಕಿದ್ವಿ. ಆಮ್ಯಾಲೆ ಎಲ್ಲಾರಿಗೂ ಚಹಾ, ರಾತ್ರಿ ಊಟದ ತಯಾರಿ. ನಾವು ಸೀರಿ ಉಟ್ಟು ಹೊರಗ ಬೀಳೂದ್ರಾಗ ರಾತ್ರಿ ಎಂಟೂವರಿ. "ತಪ್ಪಿಸಿಕೊಂಡ್ರ ಎಲ್ಲೆ ಸೇರೂದು, ವಾಪಸ್ ಹ್ಯಾಂಗ ಬರೂದು?" ಅಂತ ಕೇಳಿದ್ದಕ್ಕ ಭಾವ "ನಾ ಇದ್ದೇನಲ್ಲ, ನೀವು ಸುಮ್ನ ಬರ್ರಿ" ಅಂದ್ರು.

ಅರಮನಿ ದೀಪಾ ನೋಡಿಕೊಂಡು ಸಯ್ಯಾಜಿರಾವ್ ರಸ್ತಾಕ್ಕ ಬಂದ್ವಿ. ಎದುರಿಂದ ಒಮ್ಮೆಲೆ ಮಂದಿ ನುಗ್ಗಿ ಬಂತು. 11 ಮಂದಿ ಮೂರು ಕಡೆ ಆದ್ವಿ. ಅಷ್ಟು ಜನ ಒಂದೇ ಹೊತ್ತಿಗೆ ಫೋನ್ ಹಚ್ಚಿದ್ರ ಯಾರಿಗೆ ಹತ್ತತದ? ಭಾವಗ ಕಾರು ಎಲ್ಲೆ ನಿಲ್ಲಿಸೇನಿ ಅನ್ನೂದೇ ನೆನಪಿಲ್ಲ. ದೊಡ್ಡ ವೈನಿಗೆ 62 ವರ್ಷ, ಸಕ್ಕರಿ ಕಾಯಿಲೆ. ಅವರ ಜೊತಿಗೆ ಇದ್ದಾಕಿ ಈ ಹುಡುಗಿ ಒಬ್ಬಾಕೀನೇ. ಅಕಿ ಏನು ಮಾಡಿದ್ಲು? ವೈನಿ ಕೈ ಹಿಡಕೊಂಡು ಗದ್ದಲದಿಂದ ಹೊರಗ ತಂದ್ಲು. ದಾರಿ ಕೇಳಿಕೋತ ಮೆಲ್ಲಕ ರೇಲ್ವೆ ಸ್ಟೇಶನ್ನಿಗೆ ನಡಿಸಿಕೊಂಡು ಹೋದ್ಲು. ಅಲ್ಲಿ ಬೆಳಕದ, ಪೋಲಿಸರಿದ್ದಾರ, ಕೂಡ್ಲಿಕ್ಕೆ ಜಾಗಾ ಅದ. ವೈನಿಗೆ ಬಿಸ್ಕೀಟು ತಿನ್ನಿಸಿ, ಸಿಗ್ನಲ್ ಸಿಕ್ಕ ಕೂಡ್ಲೆ ಎಲ್ಲಾರಿಗೂ ಮೆಸೇಜ್ ಹಾಕಿದ್ಲು. ದೀಡ ತಾಸಿನ ಮ್ಯಾಲೆ ನಾವು ಅಲ್ಲಿಗೆ ಮುಟ್ಟಿದಾಗ ಅಕಿ ವೈನಿ ಕಾಲು ಒತ್ತಿಕೋತ ಕೂತಿದ್ಲು.

ಮನಿಗೆ ಬಂದ ಮ್ಯಾಲೆ ತೀರ್ಪು ಏನಾತು ಗೊತ್ತದೇನು? "ರಾತ್ರಿ ಹನ್ನೊಂದರ ತನಕ ವಯಸ್ಸಿಗೆ ಬಂದ ಹುಡುಗಿ ಹೊರಗಿದ್ಲು, ಮುಂದ ಇದು ಬ್ಯಾಡ." ಕಾರು ಕಳಕೊಂಡ ಭಾವಗ ಏನೂ ಇಲ್ಲ. ಯಾವ ಯೋಜನೆನೂ ಇಲ್ಲದ ಎಲ್ಲಾರನ್ನೂ ಹೊರಡಿಸಿದ ನಮಗೂ ಏನೂ ಇಲ್ಲ. ತಲಿ ಓಡಿಸಿ ವೈನಿನ್ನ ಉಳಿಸಿದಾಕಿಗೆ ಶಿಕ್ಷಾ! ಆ ರಾತ್ರಿ ನಾನೂ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆ ತಪ್ಪು ನಂದೂ ಅದ.

ನನಗ ಇದು ಹೊಸಾದಲ್ಲ. ನಾ 14 ವರ್ಷದಾಕಿ ಇದ್ದಾಗ ತೇರಿನ ಗದ್ದಲದಾಗ ಒಬ್ಬಾಂವ ಕೈ ಹಾಕಿದ. ಅಳಕೋತ ಬಂದು ಅವ್ವಗ ಹೇಳಿದೆ. ಅವ್ವ ನನ್ನ ತಬ್ಬಿಕೊಂಡ್ಲು, ಕಣ್ಣೀರು ಹಾಕಿದ್ಲು, "ಇನ್ನ ಮುಂದ ತೇರಿಗೆ ಹೋಗಬ್ಯಾಡವಾ" ಅಂದ್ಲು. ಪ್ರೀತಿಲೇ ಅಂದ್ಲು. ಆದ್ರ ಲೆಕ್ಕಾ ಹಾಕಿ ನೋಡ್ರಿ. ಕೈ ಹಾಕಿದಾಂವ ಮುಂದಿನ ವರ್ಷನೂ ತೇರು ನೋಡಿರಬೇಕು, ಮಂಡಕ್ಕಿ ಮಿರ್ಚಿ ತಿಂದಿರಬೇಕು. ನಾ ಮಾತ್ರ ಮದುವಿ ಆಗೂ ತನಕ ತೇರು ನೋಡಲಿಲ್ಲ.

ಮನಿಯೊಳಗಷ್ಟೇ ಹಿಂಗ ಅಂತ ತಿಳೀಬ್ಯಾಡ್ರಿ. 2021ರ ಆಗಸ್ಟ್ ತಿಂಗಳದಾಗ ಚಾಮುಂಡಿ ಬೆಟ್ಟದ ಹತ್ತಿರ ಒಬ್ಬ ವಿದ್ಯಾರ್ಥಿನಿ ಮ್ಯಾಲೆ ಸಾಮೂಹಿಕ ಅತ್ಯಾಚಾರ ಆತು. ಆವಾಗ ಇಲ್ಲಿನ ವಿಶ್ವವಿದ್ಯಾಲಯದವರು, ಸಂಜೀ ಆರೂವರಿ ಆದ ಮ್ಯಾಲೆ ಹುಡುಗ್ಯಾರು ಒಬ್ಬೊಬ್ಬರೇ ಕ್ಯಾಂಪಸ್ಸಿನಾಗ ಓಡಾಡಬಾರದು ಅಂತ ಸುತ್ತೋಲಿ ಹೊರಡಿಸಿದ್ರು. ಮಂದಿ ಛೀಮಾರಿ ಹಾಕಿದ ಮ್ಯಾಲೆ ಅದನ್ನ ವಾಪಸ್ ತಗೊಂಡ್ರು. ಅಲ್ರಿ, ತಪ್ಪು ಮಾಡಿದಾಂವ ಒಬ್ಬ, ಗೇಟು ಹಾಕೂದು ಇನ್ನೊಬ್ಬರಿಗೆ. ಸುತ್ತೋಲಿ ವಾಪಸ್ ಹೋತು, ನಮ್ಮ ಮನಿಯೊಳಗಿನ ಸುತ್ತೋಲಿ ಯಾವಾಗ ವಾಪಸ್ ಹೋಗೂದು?

"ಹೇಳೂದು ಸುಲಭ, ಏನರೆ ಆದ್ರ?" ಅಂತ ಬಾಜೂ ಮನಿಯವರು ನನ್ನ ಕೇಳಿದ್ರು. ಅಂಜಿಕಿ ಖರೇನೇ. ಗದ್ದಲ ಅಂದ ಮ್ಯಾಲೆ ಕೆಟ್ಟ ಕೈಗಳೂ ಇರ್ತಾವ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಾಳೆ ಈ ಹುಡುಗಿ ನೌಕರಿಗೆ ಬೆಂಗಳೂರಿಗೆ ಹೋಗಾಕಿ. ರಾತ್ರಿ ಬಸ್ಸು ಹತ್ತಬೇಕು, ಆಟೋದಾಂವನ ಜೊತಿಗೆ ಮಾತಾಡಬೇಕು. ಅದನ್ನೆಲ್ಲಾ ಅಕಿ ಎಲ್ಲೆ ಕಲೀಬೇಕು? ಹತ್ತು ಮಂದಿ ಹಿರೇರು ಜೊತಿಗೆ ಇರೂ ಹೊತ್ತಿನಾಗೇ ಕಲೀಲಿಲ್ಲಂದ್ರ, ಒಬ್ಬಾಕೀನೇ ಇದ್ದಾಗ ಕಲೀತಾಳೇನು?

ಅದಕ್ಕ ಈ ಸಲ ನಾ ಹಿಂಗ ಗೊತ್ತು ಮಾಡೇನಿ, ಕೇಳ್ರಿ.

ಮೊದಲನೇದು, ದಿನಾ. ದೀಪಾ ವಿಜಯದಶಮಿ ದಿನ ಒಂದೇ ಇರಂಗಿಲ್ಲ, ದಸರಾದ ಎಲ್ಲಾ ದಿನ ಸಂಜೀಗೆ ಹಚ್ಚತಾರ. ನಡುವಿನ ಒಂದು ದಿನ, ಆಯ್ತವಾರ ಬಿಟ್ಟು, ಹೋಗೂಣು. ಗದ್ದಲ ತಡೀಲಾರದ ಹಿರೇರಿಗೆ ಇನ್ನೊಂದು ದಾರಿ ಅದ. ಅರಮನಿಗೆ ವರ್ಷವಿಡೀ ಆಯ್ತವಾರ ಮತ್ತ ಸರಕಾರಿ ರಜಾ ದಿನ ಸಂಜೀಗೆ ದೀಪಾ ಹಚ್ಚತಾರ. ವೈನಿ, ನೀವು ದೀಪಾವಳಿ ಮುಗಿಸಿಕೊಂಡು ಬರ್ರಿ, ಆರಾಮ ನೋಡೂಣು.

ಎರಡನೇದು, ಅಡಗಿ. ನಮ್ಮನ್ನ ಕತ್ತಲ್ಯಾಗ ತಳ್ಳೂದು ಈ ಅಡಗಿಮನೀನೇ ನೋಡ್ರಿ. ಎಲ್ಲಾರ ಹೊಟ್ಟಿ ತುಂಬಿಸಿ ಹೊರಡ್ತೀವಂತ, ಭಾಳ ಗದ್ದಲ ಇರೂ ಹೊತ್ತಿಗೆ ಹೋಗಿ, ಬಸ್ಸು ಕಮ್ಮಿ ಆಗೂ ಹೊತ್ತಿಗೆ ವಾಪಸ್ ಹೊರಡ್ತೀವಿ. ಈ ಸಲ ಮಧ್ಯಾಹ್ನನೇ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ. ಸಂಜೀ ಐದೂವರಿಗೆ ಮನಿ ಬಿಡೂದು, ದೀಪಾ ಹತ್ತಿದ ಮ್ಯಾಲೆ ಒಂದು ತಾಸು ನೋಡಿ, ಒಂಬತ್ತಕ್ಕ ಮನಿ. ಹಸಿವಾದ ಗಂಡಸರಿಗೆ ಡಬ್ಬಿ ಎಲ್ಲೆ ಅದ ಅಂತ ತೋರಿಸಿ ಇಟ್ಟಿರ್ತೀನಿ.

ಮೂರನೇದು, ವಾಪಸ್ ಬರೂ ದಾರಿ. ದಸರಾದಾಗ ಅರಮನಿ ಸುತ್ತ ಏಕಮುಖ ಸಂಚಾರ ಮಾಡ್ತಾರ, ಹೋದ ದಾರಿಲೇ ವಾಪಸ್ ಬರಾಕ ಆಗಂಗಿಲ್ಲ. ಅದಕ್ಕ ಕಾರು ಬ್ಯಾಡ, ಸಿಟಿ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಅದ, ನಮಗ ಟಿಕೀಟಿನ ರೊಕ್ಕಾನೂ ಇಲ್ಲ. ಆಧಾರ ಕಾರ್ಡ್ ಮರೀಬ್ಯಾಡ್ರಿ. ಬಸ್ಸು ಎಲ್ಲಿಂದ ಬಿಡ್ತದ ಅನ್ನೂದನ್ನ ಹೋಗೂ ಮುಂಚೆನೇ ಕಂಡಕ್ಟರನ್ನ ಕೇಳಿಕೊಳ್ಳೂಣು. ಆಟೋ ಹತ್ತಿದ್ರ ನಂಬರ್ ಪ್ಲೇಟಿನ ಫೋಟೋ ತಗದು ಗ್ರೂಪಿಗೆ ಹಾಕಿ ಆಮ್ಯಾಲೆ ಕೂಡೂದು. ಹುಡುಗುರು ಯುವ ದಸರಾಕ್ಕ ಹೋಗ್ತೀವಿ ಅಂತಾರ. 2024 ಮತ್ತ 2025ರಾಗ ಅದನ್ನ ಊರ ಹೊರಗ ಉತ್ತನಹಳ್ಳಿ ಹತ್ತಿರ ಮಾಡಿದ್ರು. ಅಲ್ಲಿಂದ ನಡುರಾತ್ರಿ ಹ್ಯಾಂಗ ಬರ್ತೀರಿ ಅಂತ ಹುಡುಗಗೂ ಕೇಳ್ರಿ, ಹುಡುಗಿಗಷ್ಟೇ ಅಲ್ಲ.

ನಾಲ್ಕನೇದು, ಸೇರೂ ಜಾಗಾ. ಫೋನ್ ಹತ್ತಂಗಿಲ್ಲ ಅಂತ ಮೊದಲೇ ತಿಳಕೊಳ್ಳೂದು. ತಪ್ಪಿಸಿಕೊಂಡವರು ಹುಡುಕಿಕೋತ ತಿರಗಬ್ಯಾಡ್ರಿ, ಸೀದಾ ರೇಲ್ವೆ ಸ್ಟೇಶನ್ನಿಗೆ ಬರ್ರಿ. ಇದು ಆ ಹುಡುಗಿ ಕಲಿಸಿದ್ದು. ಸಣ್ಣ ಹುಡುಗುರ ಕಿಸೆದಾಗ ನಂಬರ್ ಬರದ ಚೀಟಿ, ಹಿರೇರ ಚೀಲದಾಗ ಗುಳಗಿ, ನೀರು.

ಐದನೇದು ಎಲ್ಲಕ್ಕಿಂತ ದೊಡ್ಡದು. ಯಾರರೆ ಕೈ ಹಾಕಿದ್ರ ಜೋರ ಒದರೂದು. ನಮ್ಮ ಅಜ್ಜಿಗೋಳು ಬಳಿಗೆ ಸಿಗಿಸಿದ ಪಿನ್ನು ಕೊಟ್ಟು ಕಳಿಸ್ತಿದ್ರು, ಆದ್ರ ಬಾಯಿ ತಗೀರಿ ಅಂತ ಹೇಳಿಕೊಡಲಿಲ್ಲ. ಒಬ್ಬಾಕಿ ಒದರಿದ್ರ ಉಳಿದವರು "ಸುಮ್ನಿರು, ಮಂದಿ ನೋಡ್ತಾರ" ಅನ್ನಬ್ಯಾಡ್ರಿ, ಅಕಿ ಸುತ್ತ ನಿಂದರ್ರಿ. 112ಕ್ಕ ಫೋನ್ ಹಚ್ರಿ. ಫಿರ್ಯಾದಿ ಕೊಡಬೇಕಂದ್ರ ಯಾವ ಪೋಲಿಸ್ ಠಾಣೆಯೊಳಗೂ ಕೊಡಬಹುದು, ನಮ್ಮ ಹದ್ದಲ್ಲ ಅಂತ ಅವರು ವಾಪಸ್ ಕಳಿಸಂಗಿಲ್ಲ. ಅದಕ್ಕ ಝೀರೋ ಎಫ್‌ಐಆರ್ ಅಂತಾರ. ಮತ್ತ ಮನಿಗೆ ಬಂದು ಹೇಳಿದ ಹುಡುಗಿಗೆ "ಇನ್ನ ಮುಂದ ಹೋಗಬ್ಯಾಡ" ಅನ್ನಬ್ಯಾಡ್ರಿ. ಹಂಗಂದ್ರ ಮುಂದಿನ ಸಲ ಅಕಿ ಹೇಳಂಗೇ ಇಲ್ಲ. ನಾ ಅವ್ವಗ ಎರಡನೇ ಸಲ ಹೇಳಲಿಲ್ಲ, ಹೇಳೂ ಪ್ರಸಂಗ ಬಂದಿದ್ರೂ.

ಅಕ್ಕಾ, ಈಗ ನಿನಗ. ಮಗಳನ್ನ ಕರ್ಕೊಂಡು ಬಾ. ಈ ಸಲ ಎಲ್ಲಾರೂ ಅಕೀ ಮಾತು ಕೇಳಿ ನಡೀಬೇಕು, ಬಸ್ಸು ಯಾವುದು, ಎಷ್ಟು ಹೊತ್ತಿಗೆ ಅನ್ನೂದನ್ನ ಅಕೀನೇ ಹೇಳಲಿ. ಭಾವಗ ನೀರಿನ ಬಾಟ್ಲಿ ಚೀಲಾ ಹೊರೂ ಕೆಲಸಾ ಇಟ್ಟೇನಿ. ಒಂದು ವ್ಯಾಳ್ಯಾ ಅಕೀನ್ನ ಬಿಟ್ಟು ಬರೂದೇ ಅಂದ್ರ, ತಮ್ಮನ್ನೂ ಬಿಟ್ಟು ಬಾ. ಇಬ್ಬರೂ ಮನಿಯೊಳಗ ಕೂತು ಟೀವಿ ನೋಡಲಿ. ಅವಾಗ ಮನಿಯೊಳಗ ಎಷ್ಟು ರಾದ್ಧಾಂತ ಆಗ್ತದ ಅಂತ ನೀನೇ ನೋಡು, ನೋಡಿ ನನಗ ಫೋನ್ ಮಾಡು.