ಎದೆಗಿಳಿಯುವ ಗಳಗಂಡ

ಮಕ್ಕಳೊಡನೆ ನೆಲೆಸಲು ಊರಿನಿಂದ ಕೊಚ್ಚಿಯ ಕಾಕ್ಕನಾಡಿಗೆ ಬರುವ ಹಿರಿಯರ ಕೊರಳಿನ ಹಳೆಯ ಗಂಟನ್ನು ‘ನೋವಿಲ್ಲವಲ್ಲ’ ಎಂದು ಕಡೆಗಣಿಸುವುದುಂಟು. ಮಲೆನಾಡಿಗೆ ಗಳಗಂಡ ಹೊಸತಲ್ಲ. ಆದರೆ ಕಣ್ಣಿಗೆ ಕಾಣುವಷ್ಟೇ ಅದರ ಅಳತೆಯಲ್ಲ. ಥೈರಾಯಿಡ್ ಗ್ರಂಥಿಯು ವರ್ಷಗಟ್ಟಲೆ ಬೆಳೆದು ಎದೆಮೂಳೆಯ ಹಿಂದಕ್ಕೆ ಇಳಿದರೆ ಶ್ವಾಸನಾಳವನ್ನು ಅದುಮುತ್ತದೆ. ಮಲಗಿದಾಗ ಏದುಸಿರು, ಒಣಕೆಮ್ಮು, ನುಂಗಲು ತೊಡಕು ತಲೆದೋರಬಹುದು. ಇವನ್ನು ಉಬ್ಬಸವೆಂದು ಬಗೆದು ಕಾಲ ಕಳೆಯಬಾರದು. ತೋಳುಗಳನ್ನು ಮೇಲೆತ್ತಿ ಹಿಡಿದಾಗ ಮುಖ ಕೆಂಪೇರುವುದು ರಕ್ತನಾಳಗಳೂ ಒತ್ತಡಕ್ಕೆ ಸಿಲುಕಿರುವುದರ ಕುರುಹೆಂದು ಆಂಗ್ಲ ವೈದ್ಯ ಪೆಂಬರ್ಟನ್ 1946ರಲ್ಲಿ ತೋರಿಸಿಕೊಟ್ಟರು.

ಈ ಹಂತದಲ್ಲಿ ಅಯೋಡಿನ್ ಬೆರೆಸಿದ ಉಪ್ಪಾಗಲಿ, ಕೊಚ್ಚಿಯ ಕಡಲಮೀನಾಗಲಿ ಗಂಟನ್ನು ಕರಗಿಸದು. ಸಿ.ಟಿ. ಸ್ಕ್ಯಾನಿನಿಂದ ಅದರ ವ್ಯಾಪ್ತಿ ತಿಳಿಯುತ್ತದೆ. ಶಸ್ತ್ರಚಿಕಿತ್ಸೆ ಬೇಕಾದರೂ ಬಹುಪಾಲು ರೋಗಿಗಳಲ್ಲಿ ಎದೆ ಸೀಳದೆ ಕೊರಳಿನ ಮೂಲಕವೇ ಗಂಟನ್ನು ತೆಗೆಯಬಹುದು. ಹಿರಿಯರ ಮೌನವನ್ನು ಆರೋಗ್ಯವೆಂದು ತಿಳಿಯದಿರುವುದು ಮಕ್ಕಳ ಕರ್ತವ್ಯ.