ಒಳಗಿನಿಂದ ಹಿಡಿಯುವ ವಿದ್ಯೆ

ಕೊಡಲಿಯ ಕಾವು ಸಡಿಲವಾದರೆ ನಮ್ಮ ರೈತನು ಕಾವಿನ ತಲೆಗೆ ಒಂದು ಬೆಣೆಯನ್ನು ಬಡಿಯುತ್ತಾನೆ. ಬೆಣೆಯಿಂದ ಮರ ಹಿಗ್ಗುತ್ತದೆ. ಹಿಗ್ಗಿದ ಮರವು ಕೊಡಲಿಯ ಕಣ್ಣನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಲೋಹವನ್ನು ಕಡೆಯುವ ಲೇತ್ ಯಂತ್ರದಲ್ಲಿಯೂ ಇದೇ ಉಪಾಯವು ಬೇರೊಂದು ವೇಷದಲ್ಲಿ ದಿನನಿತ್ಯ ನಡೆಯುತ್ತಿರುತ್ತದೆ. ಆದರೆ ಕಾಲೇಜಿನ ಭೌತಶಾಸ್ತ್ರದ ಪಾಠದಲ್ಲಿ ಇದಕ್ಕೆ ಸ್ಥಳವಿಲ್ಲ. ಹೀಗಿರಬಾರದೆಂಬುದು ನನ್ನ ಅಭಿಪ್ರಾಯ.

ಒಂದು ಪುಲ್ಲಿಯನ್ನು ತೆಗೆದುಕೊಳ್ಳೋಣ. ಅದು ಮುಂದೆ ತಿರುಗಬೇಕಾದುದು ತನ್ನ ನಡುವಿನ ರಂಧ್ರದಲ್ಲಿ ಸೇರುವ ದಂಡದೊಡನೆ. ಆದುದರಿಂದ ಹೊರ ಅಂಚಿನ ಕೇಂದ್ರವೂ ರಂಧ್ರದ ಕೇಂದ್ರವೂ ಒಂದೇ ಆಗಿರಬೇಕು. ಇಲ್ಲವಾದರೆ ಪಟ್ಟಿ ಒಮ್ಮೆ ಬಿಗಿದು ಒಮ್ಮೆ ಸಡಿಲುತ್ತದೆ, ಯಂತ್ರ ನಡುಗುತ್ತದೆ. ಸಾಮಾನ್ಯವಾದ ಮೂರು ದವಡೆಗಳ ಚಕ್‌ನಲ್ಲಿ ಪುಲ್ಲಿಯನ್ನು ಒಮ್ಮೆ ಬಿಚ್ಚಿ ಮತ್ತೆ ಕಚ್ಚಿಸಿದರೆ ಕೇಂದ್ರವು ಮಿಲಿಮೀಟರಿನ ನೂರರ ಕೆಲವು ಭಾಗಗಳಷ್ಟಾದರೂ ಸರಿಯಬಹುದು. ಚಕ್ ಸವೆದಿದ್ದರೆ ಇನ್ನೂ ಹೆಚ್ಚು. ಅನುಭವಿಯಾದ ಟರ್ನರನು ಮೊದಲು ರಂಧ್ರವನ್ನು ಮುಗಿಸಿ, ಅನಂತರ ಆ ರಂಧ್ರದಿಂದಲೇ ಪುಲ್ಲಿಯನ್ನು ಹಿಡಿದು ಹೊರಮೈಯನ್ನು ಕಡೆಯುತ್ತಾನೆ.

ಹಾಗೆ ಹಿಡಿಯುವ ಸಾಧನವೇ ಮ್ಯಾಂಡ್ರೆಲ್. ನೋಡುವುದಕ್ಕೆ ಇದು ಗಟ್ಟಿಗೊಳಿಸಿ ನಯವಾಗಿ ಉಜ್ಜಿದ ಉಕ್ಕಿನ ಒಂದು ಸಾದಾ ಸಲಾಕೆ. ವಾಸ್ತವವಾಗಿ ಅದು ಒಂದು ಬೆಣೆ. ಅದರ ವ್ಯಾಸವು ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 2000ಕ್ಕೆ 1ರ ಪ್ರಮಾಣದಲ್ಲಿ ಏರುತ್ತದೆ. ವ್ಯಾಸ ಒಂದು ಮಿಲಿಮೀಟರು ಹೆಚ್ಚಬೇಕಾದರೆ ಎರಡು ಮೀಟರು ಉದ್ದ ಬೇಕು! ಕಣ್ಣಿಗೆ ಕಾಣದ ಈ ಇಳಿಜಾರು ಅಕ್ಷದಿಂದ ಒಂದು ಡಿಗ್ರಿಯ ಸುಮಾರು 70ನೆಯ ಒಂದು ಪಾಲು ಮಾತ್ರ. ಎಣ್ಣೆ ಸವರಿದ ಉಕ್ಕಿನ ಘರ್ಷಣಾಂಕವನ್ನು 0.1 ಎಂದಿಟ್ಟುಕೊಂಡರೂ ಘರ್ಷಣ ಕೋನವು ಸುಮಾರು 6 ಡಿಗ್ರಿಯಾಗುತ್ತದೆ. ಇಳಿಜಾರಿನ ಕೋನವು ಘರ್ಷಣ ಕೋನಕ್ಕಿಂತ ಕಡಮೆಯಿದ್ದರೆ ವಸ್ತು ತಾನಾಗಿ ಜಾರುವುದಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರದ ಹಲಗೆಯ ಮೇಲೆ ಮರದ ತುಂಡನ್ನಿಟ್ಟು ಕಲಿಯುತ್ತಾರೆ. ಮ್ಯಾಂಡ್ರೆಲ್ ಒಮ್ಮೆ ಒತ್ತಿ ಕೂರಿಸಿದ ಮೇಲೆ ಏಕೆ ಹಿಂದಕ್ಕೆ ಬರುವುದಿಲ್ಲವೆಂದು ಅವರನ್ನು ಕೇಳುವವರಿಲ್ಲ. ಉಳಿಯನ್ನು ಮ್ಯಾಂಡ್ರೆಲಿನ ದಪ್ಪ ತುದಿಯ ಕಡೆಗೇ ನಡೆಸಬೇಕೆಂದು ಕಾರ್ಖಾನೆಯ ಮೇಸ್ತ್ರಿ ಹೇಳುವುದೂ ಇದೇ ಶಾಸ್ತ್ರ: ಕಡೆಯುವ ಬಲವು ಬೆಣೆಯನ್ನು ಬಿಗಿಸಬೇಕೇ ಹೊರತು ಸಡಿಲಿಸಬಾರದು.

ಈ ಹಿಡಿತಕ್ಕೂ ಮಿತಿಯುಂಟು. ಪುಲ್ಲಿಯ ಹೊರವ್ಯಾಸ 200 ಮಿಲಿಮೀಟರು, ರಂಧ್ರ 25 ಮಿಲಿಮೀಟರು ಎನ್ನೋಣ. ಉಳಿ ಅಂಚಿನಲ್ಲಿ ಎಳೆಯುತ್ತದೆ, ಘರ್ಷಣೆ ರಂಧ್ರದಲ್ಲಿ ತಡೆಯುತ್ತದೆ. ಸನ್ನೆಯ ನಿಯಮದಂತೆ ತಡೆಯುವ ಬಲವು ಎಳೆಯುವುದರ ಎಂಟರಷ್ಟಿರಬೇಕು. ಉಳಿಯ ಬಲ 500 ನ್ಯೂಟನ್ ಆದರೆ ಘರ್ಷಣೆ 4000. ಅಷ್ಟು ಘರ್ಷಣೆ ಹುಟ್ಟಬೇಕಾದರೆ ರಂಧ್ರದ ಗೋಡೆಯ ಮೇಲಿನ ಒಟ್ಟು ಒತ್ತಡ 40,000 ನ್ಯೂಟನ್, ಅಂದರೆ ಸುಮಾರು ನಾಲ್ಕು ಟನ್ನಿನ ಭಾರ. ಮ್ಯಾಂಡ್ರೆಲಿನ ಮೇಲೆ ತೆಳುವಾಗಿಯೇ ಕಡೆಯಬೇಕೆಂಬ ರೂಢಿ ಸುಮ್ಮನೆ ಹುಟ್ಟಿದುದಲ್ಲ.

ಉಷ್ಣದ ಮಾತು ಇದಕ್ಕಿಂತ ಸ್ವಾರಸ್ಯವಾದುದು. ಮ್ಯಾಂಡ್ರೆಲನ್ನು 10 ಮಿಲಿಮೀಟರು ಮುಂದೊತ್ತಿದರೆ ರಂಧ್ರದ ಬಾಯಿ ಹಿಗ್ಗುವುದು 5 ಮೈಕ್ರಾನು. ಹಿಡಿತವೆಲ್ಲ ನಿಂತಿರುವುದು ಈ ಹಿಗ್ಗಿನ ಮೇಲೆ. ಪುಲ್ಲಿ ಅಲ್ಯೂಮಿನಿಯಂನದಾಗಿದ್ದು, ಕಡೆಯುವಾಗ ಮ್ಯಾಂಡ್ರೆಲಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾಯಿತೆಂದುಕೊಳ್ಳಿ. ರಂಧ್ರವು ತಾನಾಗಿಯೇ 23 ಮೈಕ್ರಾನು ಹಿಗ್ಗುತ್ತದೆ. 5 ಮೈಕ್ರಾನಿನ ಹಿಡಿತ ಎಲ್ಲಿ ಉಳಿಯಿತು? ಹೊರಗಿನಿಂದ ಕಚ್ಚಿ ಹಿಡಿದಿದ್ದರೆ ಬಿಸಿಯಾದ ಲೋಹ ದವಡೆಗಳ ನಡುವೆ ಇನ್ನಷ್ಟು ಬಿಗಿಯುತ್ತಿತ್ತು. ಒಳಗಿನಿಂದ ಹಿಡಿದಾಗ ಅದು ಹಿಡಿತವನ್ನು ಬಿಟ್ಟು ದೂರ ಹೋಗುತ್ತದೆ.

ಚಕ್‌ನ ದವಡೆಗಳನ್ನೇ ರಂಧ್ರದೊಳಕ್ಕೆ ಬಿಟ್ಟು ಹೊರಕ್ಕೆ ಅಗಲಿಸಿ ಹಿಡಿಯುವುದೂ ಉಂಟು. ಇಲ್ಲಿ ಕೇಂದ್ರಾಪಗಾಮಿ ಬಲವು ಹಿಡಿತದ ಮಿತ್ರ. ವೇಗ ಹೆಚ್ಚಿದಂತೆ ದವಡೆಗಳು ಹೊರಕ್ಕೆ ಹಾರಲೆಳಸುತ್ತವೆ. ಹೊರಗಿನ ಹಿಡಿತ ಅದರಿಂದ ಸಡಿಲವಾದರೆ, ಒಳಗಿನ ಹಿಡಿತ ಬಲವಾಗುತ್ತದೆ. ಆದರೆ ತೆಳುವಾದ ಬಳೆಯಂಥ ತುಂಡಿಗೆ ಈ ಮೈತ್ರಿ ಅಪಾಯಕರ. ಮೂರು ದವಡೆಗಳು ಮೂರು ಕಡೆ ಅದನ್ನು ಉಬ್ಬಿಸುತ್ತವೆ. ಉಬ್ಬಿದ್ದಾಗಲೇ ದುಂಡಗೆ ಕಡೆದು ಬಿಚ್ಚಿದರೆ, ಲೋಹವು ತನ್ನ ಸ್ಥಿತಿಗೆ ಮರಳಿ, ಹೊರಮೈ ಮೂರು ಮೂಲೆಯುಳ್ಳದ್ದಾಗುತ್ತದೆ. ಅದನ್ನು ನಮ್ಮ ಪ್ರಯೋಗಶಾಲೆಯ ಸ್ಕ್ರೂ ಗೇಜಿನಿಂದ ಅಳೆದು ನೋಡಿ: ಎಲ್ಲ ಕಡೆಯೂ ವ್ಯಾಸ ಒಂದೇ! ಒಂದು ಕಡೆಯ ಉಬ್ಬಿಗೆ ಎದುರು ಕಡೆಯ ತಗ್ಗು ಸರಿಹೋಗಿರುತ್ತದೆ. ಜರ್ಮನಿಯ ಇಂಜಿನಿಯರ್ ಫ್ರಾನ್ಸ್ ರೂಲೋ (1829–1905) ಅವರ ಹೆಸರು ಹೊತ್ತ ಸಮಾನ ಅಗಲದ ತ್ರಿಕೋನವು ಇದರ ಹಿರಿಯಣ್ಣ. ‘ವಿ’ ಆಕಾರದ ಕಟ್ಟೆಯ ಮೇಲೆ ತುಂಡನ್ನಿಟ್ಟು ತಿರುಗಿಸಿ, ಮೇಲೆ ಡಯಲ್ ಗೇಜನ್ನು ತಾಗಿಸಿದಾಗಲೇ ಗುಟ್ಟು ರಟ್ಟಾಗುವುದು.

ಇದೆಲ್ಲ ಕುಶಲಕರ್ಮಿಯ ಕೈಗೆ ಬಿಟ್ಟ ವಿಷಯ, ಪದವಿ ತರಗತಿಗೆ ಏತಕ್ಕೆ ಎನ್ನುವವರಿದ್ದಾರೆ. ಈಗ ಕಂಪ್ಯೂಟರಿನ ಆಜ್ಞೆಯಂತೆ ನಡೆಯುವ ಸಿ.ಎನ್.ಸಿ. ಲೇತ್‌ಗಳು ಬಂದಿರುವಾಗ ಈ ಚಿಂತೆ ಹಳೆಯದಾಯಿತು ಎನ್ನುವವರೂ ಉಂಟು. ಆ ಯಂತ್ರವು ತನ್ನ ಉಳಿ ಎಲ್ಲಿದೆಯೆಂಬುದನ್ನು ಮೈಕ್ರಾನಿನ ಲೆಕ್ಕದಲ್ಲಿ ಬಲ್ಲದು, ನಿಜ. ಆದರೆ ಹಿಡಿದ ತುಂಡು ಬಗ್ಗಿದೆಯೋ, ಬಿಸಿಯಾಗಿ ಸಡಿಲಿದೆಯೋ ಎಂಬುದು ಆ ಲೆಕ್ಕದಿಂದ ತಿಳಿಯುವುದಿಲ್ಲ. ಉಳಿ ಸೂಕ್ಷ್ಮವಾದಷ್ಟೂ ಹಿಡಿತದ ದೋಷವೇ ಮುಂದೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಕಲಿತು ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸಕ್ಕೆ ಸೇರುವ ತರುಣರು ಇದನ್ನು ಕೆಟ್ಟುಹೋದ ತುಂಡುಗಳ ರಾಶಿಯಿಂದಲೇ ಕಲಿಯಬೇಕೇ?

ನಾನು ಕೇಳುತ್ತಿರುವುದು ದೊಡ್ಡ ವೆಚ್ಚವನ್ನಲ್ಲ. ಬಿ.ಎಸ್‌ಸಿ. ಪ್ರಯೋಗಶಾಲೆಗೆ ಒಂದು ಹಳೆಯ ಲೇತ್, ಒಂದು ಮ್ಯಾಂಡ್ರೆಲ್, ಒಂದು ಡಯಲ್ ಗೇಜ್ ಸಾಕು. ಮರದ ತುಂಡನ್ನು ಜಾರಿಸುವ ಪ್ರಯೋಗವೂ ಇರಲಿ. ಅದರ ಜೊತೆಗೆ ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಬರಲಿ: ಉಕ್ಕಿನ ಮ್ಯಾಂಡ್ರೆಲಿನ ಮೇಲೆ ಬಿಗಿಯಾಗಿ ಕೂತಿದ್ದ ಅಲ್ಯೂಮಿನಿಯಂ ಪುಲ್ಲಿ ಕೆಲಸದ ಮಧ್ಯದಲ್ಲಿ ಜಾರಿತು, ತಣಿದ ಮೇಲೆ ಮತ್ತೆ ಬಿಗಿಯಾಯಿತು. ಕಾರಣವನ್ನು ಲೆಕ್ಕಸಹಿತ ತೋರಿಸಿ.